ಪ್ರೊಗ್ರೆಸಿವ್ ರಾಕ್‌ಗೆ ಅವಾಂಗಾರ್ಡ್ ಸಂಯೋಜಕರು ಕೊಟ್ಟಿದ್ದೇನು?

ಕಪ್ಪುತಟ್ಟೆ

ಪ್ರೊಗ್ರೆಸಿವ್ ರಾಕ್ (ದೀರ್ಘವಾದ, ಸಂಕೀರ್ಣ ರಚನೆಯ ರಾಕ್ ಸಂಗೀತ) ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ನಂಟಿನ ಮಾತು ಬಂದಾಗಲೆಲ್ಲ ಚರ್ಚೆ ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡದ ಬಾಗಿಲಲ್ಲೇ ನಿಂತುಬಿಡುತ್ತದೆ. ಅವರು ಮುಸೋರ್ಗ್‌ಸ್ಕಿಯವರ ಪಿಯಾನೊ ಕೃತಿಮಾಲೆಯನ್ನು ವೇದಿಕೆಗೆ ತಂದದ್ದೂ ಚೆಕ್ ಸಂಯೋಜಕ ಯಾನಾಚೆಕ್ ಅವರ 'ಸಿನ್‌ಫೊನಿಯೆಟಾ'ದ ಒಂದು ಭಾಗವನ್ನು 'ನೈಫ್ ಎಡ್ಜ್' ಹಾಡಿಗೆ ಒಗ್ಗಿಸಿಕೊಂಡದ್ದೂ ಎಲ್ಲರಿಗೂ ತಿಳಿದ ಸಂಗತಿ. ಆದರೆ ಸಿದ್ಧವಾಗಿದ್ದ ಕೃತಿಯೊಂದರ ಧಾಟಿಯನ್ನು ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ನಿನಲ್ಲಿ ನುಡಿಸುವುದು ಪ್ರಭಾವದ ತೀರ ತೆಳುವಾದ ರೂಪವೆಂದು ನನಗೆ ತೋರುತ್ತದೆ. ಇಪ್ಪತ್ತನೆಯ ಶತಮಾನದ ಅವಾಂಗಾರ್ಡ್, ಎಂದರೆ ಪ್ರಯೋಗಶೀಲ, ಸಂಯೋಜಕರಿಂದ ರಾಕ್ ಸಂಗೀತಗಾರರು ಪಡೆದುಕೊಂಡ ನಿಜವಾದ ಆಸ್ತಿ ಕೆಲಸದ ವಿಧಾನ: ಸದ್ದನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಕತ್ತರಿಸಬೇಕು, ಹೇಗೆ ಮರುಕಳಿಸಬೇಕು, ತಾಳವಾದ್ಯವನ್ನು ಪಕ್ಕವಾದ್ಯದ ಸ್ಥಾನದಿಂದ ಹೇಗೆ ಮುಂದಕ್ಕೆ ತರಬೇಕು ಎಂಬುದು.

ಎಲ್ಲರೂ ಕೇಳಿರುವ ಒಂದು ಉದಾಹರಣೆಯಿಂದಲೇ ತೊಡಗುತ್ತೇನೆ. 1973ರಲ್ಲಿ ಬಂದ ಪಿಂಕ್ ಫ್ಲಾಯ್ಡ್ ತಂಡದ 'ಮನಿ' ಹಾಡಿನ ಆರಂಭದಲ್ಲಿ ನಾಣ್ಯಗಳ ಸದ್ದು, ಕಾಗದ ಹರಿಯುವ ಸದ್ದು, ಗಲ್ಲಾಯಂತ್ರದ ಸದ್ದು ಒಂದರ ಹಿಂದೊಂದು ಬರುತ್ತವೆ. ತಂಡದ ರಾಜರ್ ವಾಟರ್ಸ್ ಈ ಸದ್ದುಗಳ ಟೇಪನ್ನು ಸಮ ಉದ್ದದ ಏಳು ತುಂಡುಗಳಾಗಿ ಕತ್ತರಿಸಿ, ಅಂಟಿಸಿ, ಸುತ್ತಿ ಸುತ್ತಿ ಬರುವ ಉಂಗುರವನ್ನಾಗಿ ಮಾಡಿದ್ದರು. ಹಾಡಿನ ಏಳು ಮಾತ್ರೆಗಳ ನಡೆ ಆ ಉಂಗುರದಲ್ಲಿಯೇ ಅಡಗಿದೆ. ನಮ್ಮ ಮಿಶ್ರ ಛಾಪಿಗೆ ಒಗ್ಗಿದ ಕಿವಿಗೆ ಆ ಎಣಿಕೆ ಸಲೀಸಾಗಿಯೇ ಸಿಗುತ್ತದೆ. ಈ ವಿಧಾನದ ಮೂಲ ಪ್ಯಾರಿಸ್ ರೇಡಿಯೊದಲ್ಲಿದೆ. 1948ರಲ್ಲಿ ಅಲ್ಲಿನ ಪಿಯರ್ ಶೆಫರ್ ರೈಲಿನ ಸದ್ದನ್ನು ಡಿಸ್ಕಿನಲ್ಲಿ ಹಿಡಿದು, ಮುಳ್ಳು ಒಂದೇ ಸುತ್ತಿನಲ್ಲಿ ತಿರುಗುವಂತೆ ಗೀರನ್ನು ಮುಚ್ಚಿ, ಸಿಕ್ಕ ಸದ್ದಿನಿಂದಲೇ ಸಂಗೀತವನ್ನು ಕಟ್ಟಿದ್ದರು. ಟೇಪು ಬಂದದ್ದು ಆಮೇಲೆ. ಆಲೋಚನೆ ಅದಕ್ಕೆ ಮೊದಲೇ ಇತ್ತು.

ಎರಡನೆಯ ಉದಾಹರಣೆ ಅಮೆರಿಕದ ಸಂಗೀತಗಾರ ಫ್ರ್ಯಾಂಕ್ ಜಪ್ಪಾ ಅವರದು. ಅವರನ್ನು ಪ್ರೊಗ್ರೆಸಿವ್ ರಾಕ್ ಎನ್ನಬೇಕೇ ಎಂದು ಜಗಳವಾಡುವವರು ಈ ಚರ್ಚಾವೇದಿಕೆಯಲ್ಲಿ ಬೇರೆ ಎಳೆಯನ್ನು ತೆರೆಯಲಿ. ಹದಿಹರೆಯದಲ್ಲಿ ಅವರು ಪತ್ರಿಕೆಯೊಂದರಲ್ಲಿ ಸಂಯೋಜಕ ಎಡ್ಗರ್ ವಾರೇಸ್ ಅವರ ರೆಕಾರ್ಡಿನ ಬಗ್ಗೆ ಓದಿ, ಅದನ್ನು ಹುಡುಕಿ ಕೊಂಡರು. ಹದಿನೈದನೆಯ ಹುಟ್ಟುಹಬ್ಬಕ್ಕೆ ತಾಯಿ ಐದು ಡಾಲರ್ ಕೊಡಲು ಒಪ್ಪಿದಾಗ, ಉಡುಗೊರೆಯ ಬದಲು ನ್ಯೂಯಾರ್ಕಿನಲ್ಲಿದ್ದ ವಾರೇಸ್ ಅವರಿಗೆ ಟ್ರಂಕ್ ಕಾಲ್ ಮಾಡಲು ಕೇಳಿಕೊಂಡರೆಂದು ಜಪ್ಪಾ ಅವರೇ ಬರೆದುಕೊಂಡಿದ್ದಾರೆ. ಆ ದಿನ ಸಿಕ್ಕವರು ಸಂಯೋಜಕರ ಪತ್ನಿ ಲೂಯಿಸ್. ವಾರೇಸ್ 1965ರ ನವೆಂಬರಿನಲ್ಲಿ ತೀರಿಕೊಂಡರು. ಇಬ್ಬರೂ ಮುಖತಃ ಭೇಟಿಯಾಗಲೇ ಇಲ್ಲ. ಮರುವರ್ಷ ಬಂದ ಜಪ್ಪಾ ತಂಡದ ಮೊದಲ ಆಲ್ಬಂನ ಹೊದಿಕೆಯಲ್ಲಿ, ಇಂದಿನ ಸಂಯೋಜಕ ಸಾಯಲು ಒಪ್ಪುವುದಿಲ್ಲವೆಂಬ ವಾರೇಸ್ ಅವರ 1921ರ ಘೋಷಣೆಯ ಮಾತು ಅಚ್ಚಾಗಿತ್ತು. ಆದರೆ ಹೊದಿಕೆಗಿಂತ ಮುಖ್ಯವಾದದ್ದು ಒಳಗಿನ ಸಂಗತಿ. 1931ರಲ್ಲಿ ಮುಗಿದ ವಾರೇಸ್ ಅವರ 'ಐಯೋನೈಸೇಶನ್' ಕೃತಿಯಲ್ಲಿ ಹದಿಮೂರು ಮಂದಿ ಬಹುತೇಕ ಬಡಿಯುವ ವಾದ್ಯಗಳನ್ನೇ ನುಡಿಸುತ್ತಾರೆ, ಜೊತೆಗೆ ಸೈರನ್ ಕೂಗುತ್ತದೆ. ರಾಗವೆಂಬುದು ಕೊನೆಯವರೆಗೂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಜಪ್ಪಾ ಅವರ ಸಂಗೀತದಲ್ಲಿ ಕೋಲುಗಳಿಂದ ಬಡಿದು ನುಡಿಸುವ ಮರಿಂಬಾ, ವೈಬ್ರಫೋನ್ ಮತ್ತು ಡ್ರಮ್ಸ್ ಸದಾ ಮುಂಚೂಣಿಯಲ್ಲಿರುವುದಕ್ಕೆ ಬೇರನ್ನು ನಾನು ಇಲ್ಲಿಯೇ ಹುಡುಕುತ್ತೇನೆ.

ಲಯವಿನ್ಯಾಸ

ಕಪ್ಪುತಟ್ಟೆ ಅವರೇ, ತಾಳವಾದ್ಯದ ಬಗ್ಗೆ ತಾವು ಹೇಳಿದ್ದನ್ನು ಸಂತೋಷದಿಂದ ಒಪ್ಪುತ್ತೇನೆ, ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡದ ಕೀಬೋರ್ಡ್ ವಾದಕ ಎಮರ್ಸನ್ ಅವರನ್ನು ಬಾಗಿಲಲ್ಲೇ ನಿಲ್ಲಿಸಿದ್ದನ್ನು ಒಪ್ಪಲಾರೆ. ಆ ತಂಡದ 1973ರ 'ಟೊಕಾಟಾ'ವನ್ನು ದಯವಿಟ್ಟು ಇನ್ನೊಮ್ಮೆ ಕೇಳಿ. ಅರ್ಜೆಂಟೀನಾದ ಅಲ್ಬೆರ್ಟೊ ಹಿನಾಸ್ಟೆರಾ ಅವರು 1961ರಲ್ಲಿ ಬರೆದ ಮೊದಲ ಪಿಯಾನೊ ಕಾನ್ಸರ್ಟೊ (ಪಿಯಾನೊಗೂ ವಾದ್ಯವೃಂದಕ್ಕೂ ಬರೆದ ಕೃತಿ) ಎಂಬುದರ ನಾಲ್ಕನೆಯ ಭಾಗ ಅದರ ಮೂಲ. ಮುಸೋರ್ಗ್‌ಸ್ಕಿ ಸತ್ತು ತೊಂಬತ್ತು ವರ್ಷಗಳಾಗಿದ್ದವು. ಹಿನಾಸ್ಟೆರಾ ಬದುಕಿದ್ದರು, ಜಿನೀವಾದಲ್ಲಿ ನೆಲೆಸಿದ್ದರು, ಅವರ ಕೃತಿಗೆ ಹನ್ನೆರಡೇ ವರ್ಷ ವಯಸ್ಸು. ಪ್ರಕಾಶಕರು ಅನುಮತಿ ಕೊಡಲು ಹಿಂಜರಿದಾಗ ಎಮರ್ಸನ್ ಜಿನೀವಾಕ್ಕೇ ಹೋಗಿ ಧ್ವನಿಮುದ್ರಣವನ್ನು ಕೇಳಿಸಿದರು, ಸಂಯೋಜಕರು ಮೆಚ್ಚಿ ಒಪ್ಪಿಗೆ ಕೊಟ್ಟರು. ಆ ಆವೃತ್ತಿಯ ನಡುವೆ ಕಾರ್ಲ್ ಪಾಮರ್ ಅವರ ಡ್ರಮ್ಸ್ ಹೊಡೆತಗಳು ಸಿಂಥಸೈಜರ್ ಎಂಬ ವಿದ್ಯುನ್ಮಾನ ಧ್ವನಿಯಂತ್ರವನ್ನು ಕೆಣಕಿ ಎಬ್ಬಿಸುವ ಭಾಗವೊಂದಿದೆ. ಪಿಯಾನೊವನ್ನೇ ತಾಳವಾದ್ಯದಂತೆ ಬಡಿಯುವ ಹಿನಾಸ್ಟೆರಾ ಅವರ ಬರವಣಿಗೆಯನ್ನು ತಾಳವಾದ್ಯಗಾರನೊಬ್ಬ ತಿರುಗಿ ತನ್ನ ವಾದ್ಯಕ್ಕೆ ಎಳೆದುಕೊಂಡ ಕ್ಷಣ ಅದು. ಇದನ್ನು ಎರವಲು ಎಂದು ತಳ್ಳಿಹಾಕುವುದು ಅನ್ಯಾಯ.

ಎಲ್ಲ ಎರವಲುಗಳೂ ಇಷ್ಟು ಮರ್ಯಾದೆಯಿಂದ ನಡೆಯಲಿಲ್ಲವೆಂಬುದೂ ಸತ್ಯ. ಅದೇ ತಂಡದ 1970ರ 'ದಿ ಬಾರ್ಬೇರಿಯನ್' ಹಂಗೇರಿಯ ಸಂಯೋಜಕ ಬಾರ್ಟೋಕ್ ಅವರ 1911ರ 'ಅಲೆಗ್ರೊ ಬಾರ್ಬರೊ'ವಿನ ರೂಪಾಂತರ. ಮೊದಲ ಮುದ್ರಣದಲ್ಲಿ ಬಾರ್ಟೋಕ್ ಅವರ ಹೆಸರೇ ಇರಲಿಲ್ಲ, ಆಮೇಲೆ ಸೇರಿಸಬೇಕಾಯಿತು. ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ತಂಡ 1969ರ ಕಛೇರಿಗಳಲ್ಲಿ ಸಂಯೋಜಕ ಹೋಲ್ಸ್ಟ್ ಅವರ 'ಮಾರ್ಸ್' ಅನ್ನು ನುಡಿಸುತ್ತಿತ್ತು. ಮರುವರ್ಷದ ಆಲ್ಬಂಗೆ ಬರುವಷ್ಟರಲ್ಲಿ ಅದು 'ದಿ ಡೆವಿಲ್ಸ್ ಟ್ರೈಆಂಗಲ್' ಎಂಬ ಬೇರೆಯದೇ ಹೆಸರಿನ, ಮೆಲೊಟ್ರಾನ್ (ಟೇಪಿನಲ್ಲಿ ಹಿಡಿದ ಧ್ವನಿಗಳನ್ನು ಹೊರಡಿಸುವ ಕೀಬೋರ್ಡ್) ತುಂಬಿದ ಕೃತಿಯಾಗಿತ್ತು. ಐದು ಮಾತ್ರೆಗಳ ಆ ಕವಾಯತಿನ ಹೆಜ್ಜೆ ಮಾತ್ರ ಹಾಗೆಯೇ ಉಳಿದಿತ್ತು.

ಕಪ್ಪುತಟ್ಟೆ

ಲಯವಿನ್ಯಾಸ ಅವರೇ, ಪಾಮರ್ ಅವರ ಆ ಭಾಗಕ್ಕೆ ನನ್ನದೂ ಸಲಾಮು. ಆದರೂ ಗಮನಿಸಿ: ತಾವು ಮೆಚ್ಚಿದ್ದು ಹಿನಾಸ್ಟೆರಾ ಅವರ ಸ್ವರಗಳನ್ನು ಬಿಟ್ಟು ತಂಡ ತನ್ನ ದಾರಿ ಹಿಡಿದ ಜಾಗವನ್ನೇ. ನನ್ನ ವಾದಕ್ಕೆ ಅದು ಇನ್ನೊಂದು ಕಂಬ.

ಸುರುಳಿ

ವಿಧಾನದ ಮಾತು ಬಂದಿರುವುದರಿಂದ ಇಂಗ್ಲೆಂಡನ್ನು ಬಿಟ್ಟು ಜರ್ಮನಿಯ ಕೊಲೋನ್ ನಗರಕ್ಕೆ ಹೋಗಬೇಕು. 1968ರಲ್ಲಿ ಅಲ್ಲಿ ಹುಟ್ಟಿದ ಕ್ಯಾನ್ ತಂಡದ ಬಾಸ್ ವಾದಕ ಹೋಲ್ಗರ್ ಚುಕಾಯ್ ಮತ್ತು ಕೀಬೋರ್ಡ್ ವಾದಕ ಇರ್ಮಿನ್ ಶ್ಮಿಟ್ ಇಬ್ಬರೂ ಕಾರ್ಲ್‌ಹೈಂಜ್ ಸ್ಟಾಕ್‌ಹೌಸನ್ ಅವರ ಶಿಷ್ಯರು. ಸ್ಟಾಕ್‌ಹೌಸನ್ ಅದೇ ಊರಿನ ರೇಡಿಯೊ ಸ್ಟುಡಿಯೊದಲ್ಲಿ, ಬಾಲಕನೊಬ್ಬನ ಕಂಠವನ್ನೂ ವಿದ್ಯುನ್ಮಾನ ಧ್ವನಿಗಳನ್ನೂ ಬೆಸೆದು 1956ರಲ್ಲಿ 'ಗೆಸಾಂಗ್ ಡೆರ್ ಯೂಂಗ್ಲಿಂಗೆ' ಎಂಬ ಕೃತಿಯನ್ನು ಮುಗಿಸಿದ್ದವರು. ಬೀಟಲ್ಸ್ ತಂಡ 1967ರ ಆಲ್ಬಂ ಹೊದಿಕೆಯ ಗುಂಪುಚಿತ್ರದಲ್ಲಿ ಅವರ ಮುಖವನ್ನೂ ಸೇರಿಸಿತ್ತು. ಅದು ಗೌರವ ಸೂಚನೆ ಅಷ್ಟೆ. ಕ್ಯಾನ್ ತಂಡದ್ದು ನೇರ ಗುರುಪರಂಪರೆ.

ಕುತೂಹಲದ ಸಂಗತಿಯೆಂದರೆ, ಈ ಶಿಷ್ಯರು ಗುರುವಿನ ಮನೆಯಿಂದ ಸ್ವರಲಿಪಿಯನ್ನು ತರಲಿಲ್ಲ. ಚುಕಾಯ್ ಗಿಟಾರ್ ಕಲಿಸುತ್ತಿದ್ದಾಗ ಅವರ ವಿದ್ಯಾರ್ಥಿ ಮಿಖಾಯೆಲ್ ಕಾರೋಲಿ ಬೀಟಲ್ಸ್‌ನ 'ಐ ಆ್ಯಮ್ ದಿ ವಾಲ್ರಸ್' ಹಾಡನ್ನು ಕೇಳಿಸಿದರು. ರಾಕ್ ಸಂಗೀತದತ್ತ ಗುರುವೇ ಶಿಷ್ಯನಿಂದ ತಿರುಗಿದ ಪ್ರಸಂಗ ಅದು, ಆಮೇಲೆ ಆ ಶಿಷ್ಯ ತಂಡದ ಗಿಟಾರ್ ವಾದಕನಾದ. ಡ್ರಮ್ಸ್ ನುಡಿಸಿದ ಯಾಕಿ ಲೀಬೆಟ್ಸೈಟ್ ಫ್ರೀ ಜಾಜ್ ಬಿಟ್ಟು ಬಂದವರು. ಕೊಲೋನ್ ಸಮೀಪದ ನೊರ್ಫೆನಿಷ್ ಎಂಬಲ್ಲಿನ ಹಳೆಯ ಅರಮನೆಯಲ್ಲಿ ಸ್ಟುಡಿಯೊ ಮಾಡಿಕೊಂಡು ಅವರೆಲ್ಲ ಗಂಟೆಗಟ್ಟಲೆ ನುಡಿಸುತ್ತಿದ್ದರು, ಎರಡೇ ಟ್ರ್ಯಾಕಿನ ಟೇಪು ಓಡುತ್ತಿತ್ತು, ಆಮೇಲೆ ಚುಕಾಯ್ ಕೂತು ಕತ್ತರಿಸಿ ಜೋಡಿಸುತ್ತಿದ್ದರು. ಎಂದರೆ ಸಂಯೋಜನೆ ನಡೆಯುತ್ತಿದ್ದುದು ನುಡಿಸಾಣಿಕೆ ಮುಗಿದ ಮೇಲೆ, ಕತ್ತರಿಸುವ ಮೇಜಿನ ಮೇಲೆ. 1971ರ 'ಟ್ಯಾಗೊ ಮ್ಯಾಗೊ' ಜೋಡಿ ಆಲ್ಬಂನಲ್ಲಿ 'ಹಲ್ಲೆಲುವಾ' ಒಂದು ಇಡೀ ಮಗ್ಗುಲನ್ನು ತುಂಬುತ್ತದೆ, 'ಔಮ್' ಇನ್ನೊಂದನ್ನು. ಮೊದಲನೆಯದು ಬಿಡದೆ ಹೊಡೆಯುವ ತಾಳ, ಎರಡನೆಯದು ತಾಳವೇ ಕರಗಿಹೋದ ಧ್ವನಿರಾಶಿ. ಅದೇ ಸ್ಟುಡಿಯೊ ಪಾಠದ ಎರಡು ಮುಖಗಳು ಅವು. ಸ್ಟಾಕ್‌ಹೌಸನ್ 1968ರ 'ಕುರ್ತ್ಸ್‌ವೆಲ್ಲೆನ್' ಕೃತಿಯಲ್ಲಿ ಶಾರ್ಟ್‌ವೇವ್ ರೇಡಿಯೊಗಳನ್ನು ವಾದ್ಯಗಳನ್ನಾಗಿ ಬಳಸಿದ್ದರು. ಚುಕಾಯ್ ಕೂಡ ಮುಂದೆ ಬಾಸ್ ಗಿಟಾರನ್ನು ಕೆಳಗಿಟ್ಟು ಶಾರ್ಟ್‌ವೇವ್ ರೇಡಿಯೊ ಹಿಡಿದರು.

ಎರಡು ಲೋಕಗಳನ್ನು ಹಾಗೆಯೇ ಪಕ್ಕಪಕ್ಕ ಇಟ್ಟರೆ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. ಶೆಫರ್ ಅವರ ಸಹವರ್ತಿ ಪಿಯರ್ ಆನ್ರಿ ಮತ್ತು ಬ್ರಿಟನ್ನಿನ ಸ್ಪೂಕಿ ಟೂತ್ ತಂಡ ಸೇರಿ 1969ರಲ್ಲಿ 'ಸೆರಿಮನಿ' ಎಂಬ ಆಲ್ಬಂ ತಂದರು. ತಂಡ ನುಡಿಸಿದ ಹಾಡುಗಳ ಮೇಲೆ ಆನ್ರಿ ತಮ್ಮ ಧ್ವನಿಗಳನ್ನು ಹೊದಿಸಿದರು. ಕೇಳಿ ನೋಡಿ, ಎರಡೂ ಒಂದನ್ನೊಂದು ಮಾತನಾಡಿಸುವುದೇ ಇಲ್ಲ.

ಮಂದ್ರ

ಎಲ್ಲರ ಬರಹವನ್ನೂ ಆಸಕ್ತಿಯಿಂದ ಓದಿದೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಹೋಲಿಕೆ ಕಂಡಲ್ಲೆಲ್ಲ ಪ್ರಭಾವವನ್ನು ಹುಡುಕಬಾರದು. ಪಿಂಕ್ ಫ್ಲಾಯ್ಡ್‌ನ 'ಮನಿ' ಬಂದ ಆಲ್ಬಂನದೇ ಇನ್ನೊಂದು ಹಾಡು 'ಟೈಮ್' ಗಡಿಯಾರಗಳ ಸದ್ದಿನಿಂದ ಆರಂಭವಾಗುತ್ತದೆ. ಅದಕ್ಕೆ ಸ್ವಲ್ಪ ಮೊದಲು ಇಂಗ್ಲೆಂಡಿನ ಹ್ಯಾರಿಸನ್ ಬರ್ಟ್‌ವಿಸಲ್ ಅವರು ಪೀಟರ್ ಜಿನೋವಿಯೆಫ್ ಅವರ ಸ್ಟುಡಿಯೊದಲ್ಲಿ ಗಡಿಯಾರಗಳ ಧ್ವನಿಮುದ್ರಣದಿಂದಲೇ 'ಕ್ರೊನೋಮೀಟರ್' ಎಂಬ ಟೇಪು ಕೃತಿಯನ್ನು ಮಾಡಿದ್ದರು. ಎರಡನ್ನೂ ಪಕ್ಕದಲ್ಲಿಟ್ಟರೆ ಸೊಗಸಾದ ಲೇಖನ ಬರೆಯಬಹುದು, ಆದರೆ ಪಿಂಕ್ ಫ್ಲಾಯ್ಡ್ ಗಡಿಯಾರಗಳ ಕತೆ ಬೇರೆ. ಎಂಜಿನಿಯರ್ ಅಲನ್ ಪಾರ್ಸನ್ಸ್ ಅವರು ನಾಲ್ಕು ಸ್ಪೀಕರುಗಳ ಕ್ವಾಡ್ರಾಫೋನಿಕ್ ಪ್ರಾತ್ಯಕ್ಷಿಕೆಗಾಗಿ ಹಳೆಯ ಗಡಿಯಾರಗಳ ಅಂಗಡಿಯಲ್ಲಿ ಮುದ್ರಿಸಿಕೊಂಡಿದ್ದ ಸದ್ದುಗಳವು. ಹಾಡಿಗೆ ಹೊಂದುತ್ತವೆಂದು ಅವರೇ ಸೂಚಿಸಿದರು.

ಅದೇ ಆಲ್ಬಂನಲ್ಲಿ ನಿಜವಾದ ಕೊಂಡಿ ಬೇರೊಂದು ಕಡೆ ಇದೆ. 'ಆನ್ ದ ರನ್' ತುಂಬ ಓಡುವ ಆ ಎಂಟು ಸ್ವರಗಳ ಸರಣಿ ಬಂದದ್ದು ಜಿನೋವಿಯೆಫ್ ಅವರ ಇಎಂಎಸ್ ಕಂಪನಿಯ ಸಿಂಥಿ ಎಂಬ ಸಿಂಥಸೈಜರಿನಿಂದ. ಆ ಕಂಪನಿ ಹುಟ್ಟಿದ್ದೇ ಜಿನೋವಿಯೆಫ್ ತಮ್ಮ ಪ್ರಯೋಗಶೀಲ ಸ್ಟುಡಿಯೊದ ಖರ್ಚನ್ನು ತೂಗಿಸಿಕೊಳ್ಳಲು. 1969ರಲ್ಲಿ ಬಂದ ಅವರ ಮೊದಲ ಜನಪ್ರಿಯ ಯಂತ್ರ ವಿಸಿಎಸ್-3ರ ಹಿಂದೆ ಎಂಜಿನಿಯರ್ ಡೇವಿಡ್ ಕಾಕರೆಲ್ ಜೊತೆಗೆ ಟ್ರಿಸ್ಟ್ರಾಮ್ ಕ್ಯಾರಿ ಎಂಬ ಸಂಯೋಜಕರಿದ್ದರು. ರಾಕ್ ತಂಡಗಳು ಕೊಟ್ಟ ಹಣ ಅವಾಂಗಾರ್ಡ್ ಪ್ರಯೋಗಶಾಲೆಯನ್ನು ಸಾಕಿತು, ಪ್ರಯೋಗಶಾಲೆಯ ಯಂತ್ರಗಳು ರಾಕ್ ತಂಡಗಳ ಧ್ವನಿಯನ್ನು ಬದಲಾಯಿಸಿದವು. ಎಮರ್ಸನ್ ಅವರ ಯಾವ ರೂಪಾಂತರಕ್ಕಿಂತಲೂ ಈ ಕೊಡುಕೊಳ್ಳುವಿಕೆ ದೊಡ್ಡದೆಂದು ನಾನು ಭಾವಿಸುತ್ತೇನೆ.

ಹಣದ ಮಾತು ಬಂದದ್ದರಿಂದ ಇನ್ನೊಂದು. 1973ರಲ್ಲಿ ಮೈಕ್ ಓಲ್ಡ್‌ಫೀಲ್ಡ್ ಅವರ 'ಟ್ಯೂಬ್ಯುಲರ್ ಬೆಲ್ಸ್' ಗೆದ್ದದ್ದರಿಂದ ವರ್ಜಿನ್ ರೆಕಾರ್ಡ್ ಕಂಪನಿ ನೆಲೆ ಕಂಡುಕೊಂಡಿತು. ಅದೇ ಕಂಪನಿ ಜರ್ಮನಿಯ ಫೌಸ್ಟ್ ತಂಡದ ಕತ್ತರಿಸಿ ಜೋಡಿಸಿದ ಟೇಪುಗಳ ಆಲ್ಬಂ ಒಂದನ್ನು ಒಂದು ಸಿಂಗಲ್ ರೆಕಾರ್ಡಿನ ಬೆಲೆಗೆ, ಎಂದರೆ 49 ಪೆನ್ನಿಗೆ ಮಾರಿತು. ಏನನ್ನು ಕೊಳ್ಳುತ್ತಿದ್ದೇವೆಂದು ತಿಳಿಯದ ಸಾವಿರಾರು ಮಂದಿ ಹಾಗೆ ಅವಾಂಗಾರ್ಡ್ ಸಂಗೀತವನ್ನು ಮನೆಗೆ ಒಯ್ದರು.

ಧಾರವಾಡದ ಕೇಳುಗ

'ಟ್ಯೂಬ್ಯುಲರ್ ಬೆಲ್ಸ್' ಹೆಸರು ಬಂತು, ಆದರೆ ಅಮೆರಿಕದ ಸಂಯೋಜಕ ಟೆರಿ ರೈಲಿ ಅವರ ಹೆಸರು ಇನ್ನೂ ಬಂದಿಲ್ಲವೆಂಬುದು ಆಶ್ಚರ್ಯ. ಆ ಆಲ್ಬಂನ ಆರಂಭದ ಪಿಯಾನೊ ಸರಣಿ ಏಳು ಮತ್ತು ಎಂಟು ಮಾತ್ರೆಗಳನ್ನು ಕೂಡಿಸಿಕೊಂಡು ಸುತ್ತುತ್ತದೆ. ರೈಲಿಯವರ 1969ರ 'ಎ ರೇನ್‌ಬೋ ಇನ್ ಕರ್ವ್ಡ್ ಏರ್' ಕೇಳಿದ ಪರಿಣಾಮ ಅದೆಂದು ಓಲ್ಡ್‌ಫೀಲ್ಡ್ ಹೇಳಿಕೊಂಡಿದ್ದಾರೆ. ರೈಲಿಯವರ 1964ರ 'ಇನ್ ಸಿ' ಕೃತಿಯಲ್ಲಿರುವುದು ಕೇವಲ 53 ಪುಟ್ಟ ಪದಗುಚ್ಛಗಳು. ಎಷ್ಟು ಜನ ಬೇಕಾದರೂ ನುಡಿಸಬಹುದು, ಪ್ರತಿಯೊಬ್ಬರೂ ಪ್ರತಿ ಗುಚ್ಛವನ್ನು ತಮಗೆ ತೋಚಿದಷ್ಟು ಸಲ ಮರುಕಳಿಸಿ ಮುಂದೆ ಹೋಗಬಹುದು.

ಇದಕ್ಕಿಂತ ಹೆಚ್ಚು ದೂರ ಪ್ರಯಾಣ ಮಾಡಿದ್ದು ಅವರ ಟೇಪಿನ ಉಪಾಯ. ಎರಡು ಟೇಪ್ ರೆಕಾರ್ಡರುಗಳನ್ನು ಸ್ವಲ್ಪ ಅಂತರದಲ್ಲಿಟ್ಟು ಒಂದೇ ಟೇಪನ್ನು ಎರಡರಲ್ಲೂ ಹಾಯಿಸಿದರೆ, ಮೊದಲನೆಯದರಲ್ಲಿ ದಾಖಲಾದದ್ದು ಕೆಲವು ಕ್ಷಣಗಳ ನಂತರ ಎರಡನೆಯದರಲ್ಲಿ ಕೇಳಿಸುತ್ತದೆ. ಆ ಧ್ವನಿಯನ್ನು ಮತ್ತೆ ಮೊದಲನೆಯದಕ್ಕೇ ಕಳುಹಿಸಿದರೆ ಪದರದ ಮೇಲೆ ಪದರ ಬೆಳೆಯುತ್ತದೆ. ಸಾಫ್ಟ್ ಮಷೀನ್ ತಂಡದ ಸ್ಥಾಪಕರಲ್ಲಿ ಒಬ್ಬರಾದ ಡೇವಿಡ್ ಆ್ಯಲನ್ ಪ್ಯಾರಿಸ್ಸಿನಲ್ಲಿ ರೈಲಿಯವರ ಜೊತೆ ಒಡನಾಡಿ ಟೇಪು ಕೆಲಸವನ್ನು ಕಲಿತವರು. ಆ್ಯಲನ್ ತಂಡ ಬಿಟ್ಟ ಮೇಲೂ ಆ ರುಚಿ ಉಳಿಯಿತು. 1970ರ 'ಥರ್ಡ್' ಆಲ್ಬಂನ ಕೊನೆಯ ಮಗ್ಗುಲಿನಲ್ಲಿ ಮೈಕ್ ರ‍್ಯಾಟ್ಲೆಜ್ ಅವರ ಕೃತಿ ಸುತ್ತುವ ಟೇಪುಗಳಿಂದಲೇ ತೆರೆದುಕೊಳ್ಳುತ್ತದೆ. 1973ರಲ್ಲಿ ಬ್ರಯನ್ ಈನೊ ಮತ್ತು ಕಿಂಗ್ ಕ್ರಿಮ್ಸನ್‌ನ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಎರಡು ರೆವಾಕ್ಸ್ ಟೇಪ್ ಯಂತ್ರಗಳಿಂದ ಇದೇ ಉಪಾಯದ ಮೇಲೆ ಒಂದು ಆಲ್ಬಂ ಮಾಡಿದರು. ಆ ದಶಕದ ಕೊನೆಗೆ ಫ್ರಿಪ್ ಒಬ್ಬರೇ ಅದನ್ನು ಹೊತ್ತು ಊರೂರು ಸುತ್ತಿದರು.

ಇಲ್ಲಿ ನಮ್ಮ ಕಡೆಯ ನಂಟೊಂದಿದೆ. ರೈಲಿ 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ಅದೇ ಘರಾಣೆಯ ಅಬ್ದುಲ್ ಕರೀಮ್ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಗಾಯನ ಹರಿದುಬಂದದ್ದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಹಾಗೆಂದು ಹುಬ್ಬಳ್ಳಿ-ಧಾರವಾಡದ ಷಡ್ಜವೇ ಲಂಡನ್ನಿನ ರಾಕ್ ಆಯಿತೆಂದು ಎದೆಯುಬ್ಬಿಸಿಕೊಳ್ಳಲು ಕಾಲಗಣನೆ ಬಿಡುವುದಿಲ್ಲ. 'ಇನ್ ಸಿ'ಯೂ 'ರೇನ್‌ಬೋ'ವೂ ಪ್ರಾಣನಾಥರ ಶಿಷ್ಯತ್ವಕ್ಕಿಂತ ಮೊದಲಿನವು. ಆ ವಲಯಕ್ಕೆ ಶ್ರುತಿಯ ಹಂಬಲ ಹತ್ತಿದ್ದು ಇನ್ನೂ ಹಿಂದೆ. ರೈಲಿಯವರ ಗೆಳೆಯ ಲಾ ಮಾಂಟ್ ಯಂಗ್ ಅಮೆರಿಕದಲ್ಲಿ ಬಂದ ಅಲಿ ಅಕ್ಬರ್ ಖಾನರ 1955ರ ಎಲ್‌ಪಿಯನ್ನು ಕೇಳಿ, ತಂಬೂರಿಯ ನಾದಕ್ಕೆ ಮನಸೋತಿದ್ದರು.

ಲಯವಿನ್ಯಾಸ

ಕೇಳುಗರು ಫ್ರಿಪ್ ಅವರ ಹೆಸರೆತ್ತಿದ್ದರಿಂದ ಮರುಕಳಿಕೆಯ ಇನ್ನೊಂದು ಶಾಖೆಯನ್ನೂ ಹೇಳಬೇಕು. ಅಮೆರಿಕದ ಸಂಯೋಜಕ ಸ್ಟೀವ್ ರೈಕ್ 1967ರ 'ಪಿಯಾನೊ ಫೇಸ್'ನಲ್ಲಿ ಇಬ್ಬರು ಪಿಯಾನೊ ವಾದಕರಿಗೆ ಒಂದೇ ಸರಣಿಯನ್ನು ಕೊಟ್ಟು, ಒಬ್ಬರು ತುಸುವೇ ವೇಗ ಹೆಚ್ಚಿಸಿ ಜಾರಿಕೊಂಡು ಮುಂದೆ ಹೋಗುವಂತೆ ಮಾಡಿದರು. 1981ರ ಕಿಂಗ್ ಕ್ರಿಮ್ಸನ್ ಆಲ್ಬಂನ 'ಫ್ರೇಮ್ ಬೈ ಫ್ರೇಮ್'ನಲ್ಲಿ ಫ್ರಿಪ್ ಮತ್ತು ಏಡ್ರಿಯನ್ ಬಿಲ್ಯೂ ಅವರ ಗಿಟಾರುಗಳು ಏಳು ಸ್ವರಗಳ ಒಂದೇ ಸರಣಿಯಲ್ಲಿ ಹೊರಡುತ್ತವೆ. ಮುಂದೆ ಒಂದು ಗಿಟಾರು ಎರಡು ಸುತ್ತಿನ ಹದಿನಾಲ್ಕು ಸ್ವರಗಳನ್ನು ಪೂರ್ತಿ ನುಡಿಸಿದರೆ ಇನ್ನೊಂದು ಒಂದು ಸ್ವರ ಬಿಟ್ಟು ಹದಿಮೂರಕ್ಕೇ ತಿರುಗುತ್ತದೆ, ಹೀಗಾಗಿ ಸುತ್ತು ಸುತ್ತಿಗೂ ಒಂದೊಂದು ಸ್ವರ ಜಾರುತ್ತದೆ. ರೈಕ್ ಅವರಲ್ಲಿ ಜಾರುವಿಕೆ ನಯವಾದದ್ದು, ಇಲ್ಲಿ ಅದು ಲೆಕ್ಕದ್ದು. ಮೃದಂಗ ಕಲಿತವರಿಗೆ ಎರಡನೆಯದೇ ಹೆಚ್ಚು ಆಪ್ತವೆನಿಸಿದರೆ ನನಗೆ ಆಶ್ಚರ್ಯವಿಲ್ಲ. ಡ್ರಮ್ಸ್ ಆ ಹೊತ್ತಿನಲ್ಲಿ ಎರಡರಲ್ಲಿ ಯಾರ ಪಕ್ಷವನ್ನು ವಹಿಸುತ್ತದೆಂದು ಗಮನಿಸಿ ಕೇಳಿ, ಆಟವೆಲ್ಲ ಅಲ್ಲಿದೆ.

ಮಂದ್ರ

ಫ್ರಿಪ್ ಅವರ ವಿಷಯದಲ್ಲಿ ಬಾರ್ಟೋಕ್ ಅವರನ್ನು ಬಿಡುವಂತಿಲ್ಲ. ರಾಕ್ ಗಿಟಾರ್ ವಾದಕ ಹೆಂಡ್ರಿಕ್ಸ್ ಅವರು ಬಾರ್ಟೋಕ್ ಅವರ ಸ್ಟ್ರಿಂಗ್ ಕ್ವಾರ್ಟೆಟ್‌ಗಳನ್ನು ನುಡಿಸಿದ್ದರೆ ಹೇಗಿರುತ್ತಿತ್ತೆಂಬ ಕಲ್ಪನೆ ತಮ್ಮನ್ನು ಕಾಡಿತ್ತೆಂಬ ಅರ್ಥದ ಮಾತನ್ನು ಅವರು ಆಡಿದ್ದಾರೆ. 1973ರ 'ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್' ಆ ಕಲ್ಪನೆಯ ಫಲ. ಬಾರ್ಟೋಕ್ ಅವರ ಒಂದೇ ಒಂದು ಧಾಟಿಯೂ ಅದರಲ್ಲಿಲ್ಲ. ಒರಟು ಸ್ವರಪುಂಜಗಳ ಬಡಿತ, ಅನಿರೀಕ್ಷಿತ ಕಡೆ ಬೀಳುವ ಒತ್ತು, ಡೇವಿಡ್ ಕ್ರಾಸ್ ಅವರ ಪಿಟೀಲು ಇವೆ. ಜೊತೆಗೆ ಜೇಮಿ ಮ್ಯೂರ್ ಎಂಬ ತಾಳವಾದ್ಯಗಾರರಿದ್ದರು. ಡೆರೆಕ್ ಬೈಲಿ, ಇವಾನ್ ಪಾರ್ಕರ್ ಅವರಂಥ ಮುಕ್ತ ವಾದನದವರ ನಡುವಿನಿಂದ ಬಂದ ಅವರು ಕೈಗೆ ಸಿಕ್ಕ ತಗಡು, ಗಂಟೆ, ಸರಪಳಿಗಳನ್ನೆಲ್ಲ ನುಡಿಸಿದರು.

ಈ ದಾರಿಯನ್ನು ಕೊನೆಯವರೆಗೆ ನಡೆದವರು ಹೆನ್ರಿ ಕೌ ತಂಡದವರು. ಕೇಂಬ್ರಿಜ್‌ನಲ್ಲಿ 1968ರಲ್ಲಿ ಹುಟ್ಟಿದ ಈ ತಂಡದ ಎರಡನೆಯ ಆಲ್ಬಂ 1974ರ 'ಅನ್‌ರೆಸ್ಟ್'. ಅದರ 'ರೂಯಿನ್ಸ್' ಕೃತಿಯಲ್ಲಿ ಫ್ರೆಡ್ ಫ್ರಿತ್ ಫಿಬೊನಾಚಿ ಸಂಖ್ಯೆಗಳಿಂದ ಅಳತೆಗಳನ್ನು ಕಟ್ಟಿದರು, ಲಿಂಡ್ಸೆ ಕೂಪರ್ ಅವರ ಬಸೂನ್ (ಮಂದ್ರ ಧ್ವನಿಯ ಊದುವ ವಾದ್ಯ) ಅದಕ್ಕೊಂದು ಚೇಂಬರ್ ಸಂಗೀತದ ಬಣ್ಣ ಕೊಟ್ಟಿತು. ಬರೆದ ಸಂಗೀತ ಸಾಲದೆ ಬಂದಾಗ ಆಲ್ಬಂನ ಉಳಿದ ಭಾಗವನ್ನು ಸ್ಟುಡಿಯೊದಲ್ಲಿಯೇ ನುಡಿಸಿ, ಟೇಪಿನ ಮೇಲೆ ತಿದ್ದಿ ರೂಪಿಸಿದರು. ಬರೆದ ಸ್ವರಲಿಪಿ ಮತ್ತು ಕತ್ತರಿಸಿದ ಟೇಪು ಎರಡೂ ಒಂದೇ ತಟ್ಟೆಯ ಎರಡು ಮಗ್ಗುಲಲ್ಲಿ ಸಿಗುವುದು ಇಲ್ಲಿ. 1978ರ ಮಾರ್ಚಿನಲ್ಲಿ ಅವರು ಲಂಡನ್ನಿಗೆ ಯೂರೋಪಿನ ಇನ್ನು ನಾಲ್ಕು ತಂಡಗಳನ್ನು ಕರೆದು 'ರಾಕ್ ಇನ್ ಆಪೊಸಿಶನ್' ಕಛೇರಿ ನಡೆಸಿದರು. ಅವುಗಳಲ್ಲಿ ಬೆಲ್ಜಿಯಂನ ಯೂನಿವರ್ ಝೀರೊ ತಂಡ ಬಸೂನ್, ವಿಯೋಲಾಗಳ ಜೊತೆ ಹಾರ್ಮೋನಿಯಂ ಇಟ್ಟುಕೊಂಡು ನುಡಿಸಿದ ಸಂಗೀತ ಕೇಳಿದರೆ ರಾಕ್ ಎಲ್ಲಿ ಮುಗಿಯಿತೆಂದು ಹೇಳುವುದು ಕಷ್ಟ. ಜನ ಅದನ್ನು ದೊಡ್ಡ ಸಂಖ್ಯೆಯಲ್ಲಿ ಕೊಳ್ಳಲಿಲ್ಲವೆಂಬುದನ್ನೂ ಸೇರಿಸಿಬಿಡುತ್ತೇನೆ, ಏಕೆಂದರೆ ವಿಧಾನವನ್ನು ಪೂರ್ತಿ ಅಪ್ಪಿಕೊಂಡವರಿಗೆ ಮಾರುಕಟ್ಟೆ ಸಿಗಲಿಲ್ಲ, ಧಾಟಿಯನ್ನು ಎರವಲು ತಂದವರಿಗೆ ಕ್ರೀಡಾಂಗಣಗಳು ತುಂಬಿದವು.

ಹೊಸ ಸದಸ್ಯ

ಹಿರಿಯರೆಲ್ಲರಿಗೂ ನಮಸ್ಕಾರ. ಹರಿವು ಒಂದೇ ದಿಕ್ಕಿನದೇ? ಶಾಸ್ತ್ರೀಯ ಸಂಯೋಜಕರು ಈ ರಾಕ್ ಸಂಗೀತಗಾರರನ್ನು ಎಂದಾದರೂ ಗಂಭೀರವಾಗಿ ಪರಿಗಣಿಸಿದರೇ?

ಕಪ್ಪುತಟ್ಟೆ

ಬೆರಳೆಣಿಕೆಯ ಪ್ರಸಂಗಗಳಲ್ಲಿ ಪರಿಗಣಿಸಿದರು. ಪಿಯರ್ ಬುಲೇಜ್, ಎಂದರೆ ಅವಾಂಗಾರ್ಡ್ ಸಂಯೋಜಕರ ಪಾಳೆಯದ ಅತ್ಯಂತ ಕಠೋರ ವ್ಯಕ್ತಿ, ತಮ್ಮ ಪ್ಯಾರಿಸ್ ವಾದ್ಯವೃಂದದೊಂದಿಗೆ ಜಪ್ಪಾ ಅವರ ಕೃತಿಗಳನ್ನು ನಿರ್ದೇಶಿಸಿದರು. 1984ರ 'ದಿ ಪರ್ಫೆಕ್ಟ್ ಸ್ಟ್ರೇಂಜರ್' ಆಲ್ಬಂನಲ್ಲಿ ಅವುಗಳನ್ನು ಕೇಳಬಹುದು. ಸಂಯೋಜಕ ಫಿಲಿಪ್ ಗ್ಲಾಸ್ 1992ರಲ್ಲಿ ಡೇವಿಡ್ ಬೋವಿ ಮತ್ತು ಈನೊ ಅವರ ಸಂಗೀತವನ್ನು ಆಧರಿಸಿ ಒಂದು ಸಿಂಫನಿಯನ್ನೇ ಬರೆದರು, 1996ರಲ್ಲಿ ಇನ್ನೊಂದನ್ನು. ಎರಡನೆಯದರ ಮೂಲವಾದ 1977ರ ಆಲ್ಬಂನಲ್ಲಿ ಗಿಟಾರ್ ನುಡಿಸಿದವರು ಇದೇ ಫ್ರಿಪ್.

ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಪ್ರಸಂಗ ನಿಕೊಲಸ್ ಸ್ಲೊನಿಮ್‌ಸ್ಕಿ ಅವರದು. 1933ರಲ್ಲಿ ನ್ಯೂಯಾರ್ಕಿನಲ್ಲಿ 'ಐಯೋನೈಸೇಶನ್' ಕೃತಿಯ ಪ್ರಥಮ ಪ್ರಯೋಗವನ್ನು ನಿರ್ದೇಶಿಸಿದವರು ಅವರೇ. ಜಪ್ಪಾ ಅವರೇ ಅವರಿಗೆ ಫೋನ್ ಮಾಡಿ ಸ್ನೇಹ ಬೆಳೆಸಿದರು. 1981ರಲ್ಲಿ ಸ್ಯಾಂಟಾ ಮೋನಿಕಾದ ಕಛೇರಿಯೊಂದರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಕಿವಿಗಡಚಿಕ್ಕುವ ಆ ತಂಡದ ನಡುವೆ ಕೂತು ಸ್ಲೊನಿಮ್‌ಸ್ಕಿ ಎಲೆಕ್ಟ್ರಿಕ್ ಪಿಯಾನೊ ನುಡಿಸಿದರು.